ಬಂಗಾರಿ ಹಾಡಿದ ಮದುವೆ

"ದೂರ ನಿಲ್ಲು, ನೀ ಮುಟ್ಟೂದು ಬೇಡ" ಎಂದು ನಾಗಿ ಸಣ್ಣಿಯನ್ನು ತಡೆದಳು.

ಹೊಳನಗದ್ದೆಯ ಆ ಅಂಗಳದಲ್ಲಿ ಬಂಗಾರಿಯ ಹೆಣಕ್ಕೆ ಸ್ನಾನ ಮಾಡಿಸಲು ಹೆಂಗಸರು ಸೇರಿದ್ದರು. ನಾಗಿ ಬಂಗಾರಿಯ ತಮ್ಮನ ಹೆಂಡತಿ. ಗಂಡ ಬಿಟ್ಟ ಮೇಲೆ ಬಂಗಾರಿ ಬದುಕಿದ್ದು ಇವರ ಜೊತೆಗೇ. ಸಣ್ಣಿ, ಆ ಗಂಡ ಹಮ್ಮ ಆಮೇಲೆ ಕಟ್ಟಿಕೊಂಡವಳು. ಹಮ್ಮ ಸತ್ತು ಎಷ್ಟೋ ಕಾಲವಾಗಿತ್ತು. ಬಂಗಾರಿ ಹೋದ ಸುದ್ದಿ ತಿಳಿದದ್ದೇ ಸಣ್ಣಿ ಮಗಳು ವಿನುತಾಳನ್ನು ಕರೆದುಕೊಂಡು ಹೆಬಳೆಯಿಂದ ಬಂದಿದ್ದಳು.

ಜಗಲಿಯಲ್ಲಿ ಕೂತಿದ್ದ ನೆರೆಮನೆಯ ದೇವು ಮಾತು ತಿರುಗಿಸಲು ನೋಡಿದ.

"ಇವಳಂಥ ಹಾಡುಗಾರ್ತಿ ಇನ್ನು ಹುಟ್ಟೂದಿಲ್ಲ. ಕುಮಟೆಯಲ್ಲಿ ಒಂದ್ಸಲ ಸ್ಟೇಜ್ ಹತ್ತಿಸಿ ಮದುವೆ ಹಾಡು ಹೇಳು ಅಂದ್ರು. ಇವಳು ಆಚೀಚೆ ನೋಡಿ, 'ಮದುಮಗಳು ಎಲ್ಲಿ?' ಅಂದ್ಲು. ಮದುಮಗಳಿಲ್ಲ, ಕಾರ್ಯಕ್ರಮ ಅಷ್ಟೇ ಅಂದ್ರು. 'ಹಂಗಾರೆ ನಾ ಹರಸೂದು ಯಾರನ್ನ?' ಅಂತ ಇಳಿದು ಬಂದೇ ಬಿಟ್ಲು."

ಒಂದಿಬ್ಬರು ನಕ್ಕರು. ನಕ್ಕವರೇ ಕಣ್ಣೊರೆಸಿಕೊಂಡರು.

"ಅಂಥವಳು ಇವಳ ಮಗಳ ಮದುವೆಗೆ ಹೋಗಿ ಹಾಡಿದ್ಲಲ್ಲ!" ನಾಗಿ ಸಣ್ಣಿಯತ್ತ ಕೈ ತೋರಿಸಿದಳು. "ಊರೆಲ್ಲ ಆಡ್ಕಂಡು ನಕ್ತು. ಎಂತಕ್ಕೆ ಹೋದೆ ಅತ್ಗೆ ಅಂದ್ರೆ ಬಾಯೇ ಬಿಡ್ಲಿಲ್ಲ."

"ನಾ ಹೇಳ್ತೆ ಕೇಳು" ಎಂದಳು ಸಣ್ಣಿ.

\*

ವರ್ಷಗಳ ಹಿಂದೆ ವಿನುತಾಳ ಮದುವೆ ಗೊತ್ತಾದಾಗ ಹೆಬಳೆಯಲ್ಲಿ ಹಳೆಯ ಹಾಡು ಬಲ್ಲವರು ಯಾರೂ ಉಳಿದಿರಲಿಲ್ಲ. ಬೇರೆ ದಾರಿ ಕಾಣದೆ ಸಣ್ಣಿ ಬಂಗಾರಿಯನ್ನು ಹುಡುಕಿಕೊಂಡು ಬಂದಳು. ಬಂಗಾರಿ ಹರಿವೆ ಸೊಪ್ಪು ಕೀಳುತ್ತಿದ್ದವಳು ತಲೆಯೆತ್ತಿ ಎಲ್ಲ ಕೇಳಿಸಿಕೊಂಡಳು.

"ನಿನ್ನ ಮೇಲೆ ನಂಗೆ ಸಿಟ್ಟದೆ. ಅದನ್ನ ಒಳಗಿಟ್ಕಂಡು ಹರಸಿದ್ರೆ ಹುಡುಗಿಗೆ ಮೋಸ. ಆಗೂದಿಲ್ಲ."

ಸಣ್ಣಿ ಹಾಗೇ ಮರಳಿದಳು.

ಆದರೆ ಮದುವೆಯ ಹಿಂದಿನ ದಿನ ಬಂಗಾರಿ ತಾನಾಗಿಯೇ ಹೆಬಳೆಗೆ ಬಂದಳು. ಹಿತ್ತಲಲ್ಲಿ ಸಣ್ಣಿ ಅರೆಯುತ್ತಿದ್ದ ಕಲ್ಲಿನ ಎದುರು ಕೂತು, ತಾನೂ ಗುಂಡುಕಲ್ಲಿಗೆ ಕೈ ಹಚ್ಚಿದಳು. ಅರೆಯುತ್ತಲೇ ಹೇಳತೊಡಗಿದಳು. ಹಮ್ಮ ಎದ್ದು ಹೋದಾಗ ಒಲೆಯ ಮೇಲೆ ಉಕ್ಕುತ್ತಿದ್ದ ಗಂಜಿ, ಸಂತೆಯಲ್ಲಿ ಜನ ತನ್ನನ್ನು ನೋಡಿದ ರೀತಿ, ಸಣ್ಣಿ ಬಸುರಿ ಎಂದು ಕೇಳಿ ತಾನು ಹಾಕಿದ ಶಾಪ, ಒಂದನ್ನೂ ಬಿಡಲಿಲ್ಲ. ಸಣ್ಣಿ ತಲೆ ತಗ್ಗಿಸಿ ಕೇಳಿದಳು.

"ತಪ್ಪಾತು ಅಕ್ಕ."

ಬಂಗಾರಿ ಅರೆಯುವುದನ್ನು ನಿಲ್ಲಿಸಿದಳು. ಒಳಗೆ ಏನೋ ತಡಕುವವಳಂತೆ ಕಣ್ಣು ಮುಚ್ಚಿದಳು. "ಇನ್ನೂ ಸ್ವಲ್ಪ ಅದೆ" ಎಂದು ಮತ್ತೆ ಶುರು ಮಾಡಿದಳು.

ಅರೆಯಲು ಏನೂ ಉಳಿಯದಿದ್ದಾಗ ಕೈ ತೊಳೆದು ಎದ್ದಳು. "ಈಗ ಒಳಗೆ ಎಂತದೂ ಇಲ್ಲ. ಹುಡುಗಿಯನ್ನ ಕರಿ, ಮುಖ ನೋಡ್ತೆ."

ಮರುದಿನ, ಆಗಿನ್ನೂ ಬದುಕಿದ್ದ ಹಮ್ಮ ಬಂಗಾರಿಗೆ ಮುಖ ತೋರಿಸಲಾಗದೆ ಚಪ್ಪರದ ಹಿಂದೆಯೇ ನಿಂತಿದ್ದ. ಹಾಡಿನಲ್ಲಿ ಮದುಮಗಳ ತಾಯಿಯ ಹೆಸರು ಹೇಳಿ ಅವಳ ಹೊಟ್ಟೆ ತಣ್ಣಗಿರಲೆಂದು ಹರಸುವ ಸಾಲು ಬಂತು. ಜನ ಬಂಗಾರಿಯ ಮುಖವನ್ನೇ ನೋಡಿದರು. ಬಂಗಾರಿ ಸಣ್ಣಿಯ ಹೆಸರು ಹಾಡಿದಳು. ಎಲ್ಲೂ ತಡವರಿಸಲಿಲ್ಲ. ಆ ಸಾಲನ್ನು ಮತ್ತೊಮ್ಮೆ ಎತ್ತಿಕೊಂಡು, ಇನ್ನಷ್ಟು ನಿಧಾನವಾಗಿ ಹಾಡಿದಳು.

\*

ಅಂಗಳದಲ್ಲಿ ನಾಗಿ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು.

"ನನ್ಹತ್ರ ಒಂದು ಮಾತು ಹೇಳ್ಲಿಲ್ಲ" ಎಂದಳು ನಾಗಿ.

"ಆಡಿ ಮುಗಿಸಿದ್ದನ್ನ ಮತ್ತೆ ಎತ್ತೂದಿಲ್ಲ ಅಂದಿದ್ಲು. ನಾನೂ ಇವತ್ತೇ ಎತ್ತಿದ್ದು."

ನಾಗಿ ಸೆರಗಿನಿಂದ ಮುಖ ಒರೆಸಿಕೊಂಡು ಸ್ವಲ್ಪ ಪಕ್ಕಕ್ಕೆ ಸರಿದಳು.

"ಬಾ, ತಲೆ ಹಿಡ್ಕ. ನಂಗೊಬ್ಳಿಗೆ ಆಗೂದಿಲ್ಲ."

ಸಣ್ಣಿ ಕೂತು ಬಂಗಾರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನಾಗಿ ನೀರು ಹೊಯ್ದಳು. ಮಗುವನ್ನು ಮೀಯಿಸುವಾಗ ಹಿಡಿಯುವಂತೆ, ಕಣ್ಣಿಗೆ ನೀರಿಳಿಯದ ಹಾಗೆ, ಸಣ್ಣಿ ಅವಳ ಹಣೆಗೆ ಅಂಗೈ ಅಡ್ಡ ಹಿಡಿದಳು.