ಹೊದಿಕೆ ಬಿಚ್ಚದ ಚಿಕ್ಕಮಾದು

ಮದ್ದೂರಿನ ಹಳೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸೀಟು ಕವರ್ ಹೊಲಿಯುವ ಚಿಕ್ಕಮಾದು ಕೊಂಡು ತಂದ ಯಾವ ವಸ್ತುವೂ ತನ್ನ ಪ್ಲಾಸ್ಟಿಕ್ ಹೊದಿಕೆಯಿಂದ ಈವರೆಗೆ ಬಿಡುಗಡೆ ಪಡೆದದ್ದಿಲ್ಲ. ಅವನ ಕೈಗಡಿಯಾರದ ಗಾಜಿಗೆ ಅಂಗಡಿಯಲ್ಲೇ ಅಂಟಿಕೊಂಡು ಬಂದ ತೆಳು ಹಾಳೆ ಹಳದಿ ತಿರುಗಿ, ಗಂಟೆ ನೋಡಬೇಕಾದರೆ ಮಣಿಕಟ್ಟನ್ನು ಬಿಸಿಲಿಗೆ ಓರೆ ಹಿಡಿಯಬೇಕು. ಟಿವಿಯ ರಿಮೋಟು ಕವರಿನೊಳಗೇ ಗುಂಡಿ ಸವೆದು ಸತ್ತು, ಅದರ ಉತ್ತರಾಧಿಕಾರಿ ಇನ್ನೊಂದು ಕವರಿನೊಳಗೆ ಅದೇ ಶಿಕ್ಷೆ ಅನುಭವಿಸುತ್ತಿದೆ. ಮಗಳು ಅಮೃತ ಹುಟ್ಟುವ ಮುಂಚೆ ಬಂದ ಹಾಸಿಗೆ, ಯಾರಾದರೂ ಮಗ್ಗುಲು ಬದಲಿಸಿದರೆ, ಇಂದಿಗೂ ಚರಪರ ಎಂದು ಇಡೀ ಮನೆಯನ್ನು ಎಬ್ಬಿಸುತ್ತದೆ. ಹೊಸ ಚಪ್ಪಲಿಯ ಅಟ್ಟೆ ಸವೆಯದಿರಲೆಂದು ಹಿಮ್ಮಡಿ ಎತ್ತಿ ನಡೆಯುವ ಅಭ್ಯಾಸ ಎಂದೋ ಕಾಲಿಗೆ ಹತ್ತಿಬಿಟ್ಟು, ಈಗ ಹಳೆಯ ಚಪ್ಪಲಿಯಲ್ಲೂ ಹಾಗೆಯೇ ನಡೆಯುತ್ತಾನೆ. ಹೊದಿಕೆಯ ಅಂಚಿಗೆ ಯಾರಾದರೂ ಉಗುರು ತಾಗಿಸಿದರೆ, ಹೊಲಿಗೆ ಯಂತ್ರದಿಂದ ತಲೆಯನ್ನೂ ಎತ್ತದೆ ಹೇಳುವ ಮಾತು ಒಂದೇ: "ಒಸದು ಕಣಮ್ಮ, ಮುಟ್ಬ್ಯಾಡ."

ಈ ಮಾತು ಕೇಳಿದರೆ ಅಮೃತಳಿಗೆ ಮೈ ಉರಿಯುತ್ತದೆ. ಹೊರಗಿನವರಿಗೆ ಇದು ತಮಾಷೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಆ ಮನೆಯ ಪ್ಲಾಸ್ಟಿಕ್ ಹೊದ್ದ ಸೋಫಾದ ಮೇಲೆ ಕೂತು ಎದ್ದವರಿಗೆ ಮಾತ್ರ ಅದರ ರುಚಿ ಗೊತ್ತು. ತಾಯಿ ಮಾಯಮ್ಮನಿಗೆ ತನ್ನ ಮದುವೆಯ ರೇಷ್ಮೆ ಸೀರೆಯನ್ನು ಕವರಿನಿಂದ ಹೊರತೆಗೆಯಲು ಗಂಡನ ಅಪ್ಪಣೆ ಸಿಕ್ಕಿದ್ದು ಅದು ಮಡಿಕೆ ಮಡಿಕೆಯಲ್ಲೂ ಸೀಳಿಹೋದ ಮೇಲೆ. ಆಗಲೂ ಮಾಯಮ್ಮ ಅದನ್ನು ಮತ್ತೆ ಮಡಿಸಿ ಕವರಿಗೇ ಹಾಕಿಟ್ಟಳು. ಅವಳ ಪಾಲಿನ ಸಿಟ್ಟೂ ಮಗಳ ಪಾಲಿಗೇ ಬಂತು.

ಚಿಕ್ಕಮಾದುವಿಗೆ ಈ ಕಸುಬು ಕಲಿಸಿದವರು ಮಕ್ಸೂದ್ ಸಾಹೇಬರು. ಅವರ ಮಗ ಜಕೀವುಲ್ಲಾ ಅವನ ಓರಗೆಯವನು. ಇಬ್ಬರೂ ಒಂದೇ ರೆಕ್ಸಿನ್ ಸುರುಳಿಯ ಮೇಲೆ ಮಧ್ಯಾಹ್ನದ ನಿದ್ದೆ ತೆಗೆದವರು, ಒಂದೇ ದಬ್ಬಳದಿಂದ ಬೆರಳು ಚುಚ್ಚಿಕೊಂಡವರು. ಮುಂದೆ ಜಕೀವುಲ್ಲಾ ಹೊಲಿಗೆ ಬಿಟ್ಟು ಮಂಡ್ಯದಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಇಟ್ಟ. ಆದರೂ ಚಿಕ್ಕಮಾದು ಬಾಗಿಲಲ್ಲಿ ಕಂಡರೆ, ಎಂಥ ಗಿರಾಕಿ ಎದುರಿಗಿದ್ದರೂ, "ಬಾರ್ಲಾ ಮಾದ" ಎಂದು ಸ್ಟೂಲು ಎಳೆಯುತ್ತಿದ್ದ. ಅಪ್ಪನನ್ನು ಲೋಕದಲ್ಲಿ ಹಾಗೆ ಕರೆಯುವ ಗಂಡಸು ಅವನೊಬ್ಬನೇ ಎಂಬುದನ್ನು ಅಮೃತ ಚಿಕ್ಕಂದಿನಿಂದ ಕಂಡಿದ್ದಳು. ಅವಳಿಗೆ ಅವನು ಜಕೀ ಮಾವ.

ಕಟ್ಟಲಿರುವ ಮನೆ ಎದ್ದು ನಿಂತಾಗ ಹೇಗೆ ಕಂಡೀತು ಎಂಬುದನ್ನು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ಇಂಜಿನಿಯರುಗಳಿಗೆ ಕೊಡುವುದು ಅಮೃತಳ ಕೆಲಸ. ಗೋಡೆಯ ಮೇಲಿನ ಬಿಸಿಲು, ಕಿಟಕಿಯ ನೆರಳು ಎಲ್ಲವನ್ನೂ ಲೆಕ್ಕ ಹಾಕಿ ಬಿಡಿಸಬಲ್ಲ ಗಟ್ಟಿ ಯಂತ್ರ ಬೇಕೆಂದು ಒಂದೊಂದೇ ಭಾಗವನ್ನು ಜಕೀ ಮಾವನ ಅಂಗಡಿಯಿಂದ ತಂದು, ಊಟದ ಮೇಜಿನ ಮೇಲೆ ಹರಡಿಕೊಂಡು, ತಾನೇ ಜೋಡಿಸಿದಳು. ಒಂದು ಕಡೆ ಮಾತ್ರ ಮೋಸಹೋದಳು. ಪ್ರಾಸೆಸರಿನ ಬಿಸಿಯನ್ನು ಹೀರಿಕೊಳ್ಳಲು ಅದರ ನೆತ್ತಿಯ ಮೇಲೆ ತಾಮ್ರದ ತಳದ ಕೂಲರು ಕೂರಬೇಕು; ಬಿಸಿ ದಾಟಿಸಲು ನಡುವೆ ಹಚ್ಚಬೇಕಾದ ಪೇಸ್ಟು ಹಚ್ಚಿ, ಅವಳು ಕೈ ತೊಳೆದು ಬರುವಷ್ಟರಲ್ಲಿ, ಸ್ಕ್ರೂ ಬಿಗಿಯುವುದು ಹೆಣ್ಣುಮಕ್ಕಳ ಕೆಲಸವೇ ಎಂದು ಗೊಣಗುತ್ತ ಚಿಕ್ಕಮಾದು ಕೂಲರನ್ನು ತಾನೇ ಕೂರಿಸಿ ಬಿಗಿದು ಮುಗಿಸಿದ್ದ.

ಅಂದಿನಿಂದ ಮನೆಯಲ್ಲಿ ನೆಮ್ಮದಿ ಕೆಟ್ಟಿತು. ಚಿತ್ರ ಬಿಡಿಸಲು ಹಚ್ಚಿದ ಕೂಡಲೇ ತೆರೆಯ ಮೂಲೆಯಲ್ಲಿ ಪ್ರಾಸೆಸರಿನ ಬಿಸಿ ತೋರುವ ಡಿಗ್ರಿ ತೊಂಬತ್ತು ದಾಟಿ ಕೆಂಪಾಗುತ್ತಿತ್ತು, ಫ್ಯಾನು ದಿಬ್ಬ ಹತ್ತುವ ಕಬ್ಬಿನ ಲಾರಿಯಂತೆ ಒದರುತ್ತಿತ್ತು, ಯಂತ್ರ ತಾನಾಗಿ ಆರಿಹೋಗುತ್ತಿತ್ತು, ಅದುವರೆಗಿನ ಕೆಲಸ ಮಣ್ಣುಪಾಲು. ಅಮೃತ ಪೆಟ್ಟಿಗೆಯ ಪಕ್ಕದ ತಗಡು ತೆಗೆದು ಮೇಜಿನ ಫ್ಯಾನು ತಿರುಗಿಸಿಟ್ಟಳು, ಒಳಗೆ ಇನ್ನೊಂದು ಫ್ಯಾನು ಸೇರಿಸಿದಳು, ಪ್ರಾಸೆಸರಿನ ವೇಗವನ್ನೇ ತಗ್ಗಿಸಿದಳು. ಬಿಸಿ ಯಾವುದಕ್ಕೂ ಬಗ್ಗಲಿಲ್ಲ. ಕೂಲರು ಬಿಚ್ಚಿ ನೋಡುತ್ತೇನೆಂದರೆ ಚಿಕ್ಕಮಾದು ಅಡ್ಡ ನಿಂತ. ಒಮ್ಮೆ ಬಿಚ್ಚಿದರೆ ಹೊಸದು ಹಳೆಯದಾಗುತ್ತದೆ, ಆಮೇಲೆ ಜಕೀವುಲ್ಲಾ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ವಾದ. ಮಳವಳ್ಳಿಯ ಇಂಜಿನಿಯರ್ ಸ್ವರೂಪ್ ಚಿತ್ರಕ್ಕಾಗಿ ಮತ್ತೆ ಮತ್ತೆ ಫೋನು ಮಾಡಿ, ಕೊನೆಗೆ ಫೋನು ಮಾಡುವುದನ್ನೇ ಬಿಟ್ಟ.

ಇನ್ನು ತಡೆಯಲಾಗದೆ ಅಮೃತ ಜಕೀ ಮಾವನನ್ನೇ ಕೇಳಿಬರುತ್ತೇನೆಂದು ಹೊರಟಾಗ ಚಿಕ್ಕಮಾದು ತಾನೇ ಸ್ಕೂಟರು ತೆಗೆದ. ಮಂಡ್ಯದವರೆಗೂ ಒಳಗೇ ಕಾದು ಬಿಸಿಯಾಗುತ್ತಿದ್ದನೆಂದು ತೋರುತ್ತದೆ. ಅಂಗಡಿ ತುಂಬ ಜನ. ಜಕೀವುಲ್ಲಾ ಎಂದಿನಂತೆ "ಬಾರ್ಲಾ ಮಾದ" ಎಂದು ಸ್ಟೂಲಿಗೆ ಕೈ ಹಾಕಿದ್ದನಷ್ಟೆ, ಚಿಕ್ಕಮಾದು ಬಾಗಿಲಲ್ಲೇ ಸಿಡಿದ.

"ಯಾರೋ ಬಳಸಿ ಬಿಸಾಕಿದ್ ಮಾಲ್ನ ಒರೆಸಿ, ಒಸದು ಅಂತ ಕೊಟ್ಟಿದ್ದೀಯ. ನಂಗೇ ನಾಮ ಆಕ್ತೀಯಾ?"

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಒಬ್ಬ ತಾನು ಆಗಷ್ಟೇ ಕೊಂಡಿದ್ದ ಡಬ್ಬವನ್ನು ಹೊರಳಿಸಿ ಹೊರಳಿಸಿ ಪರೀಕ್ಷಿಸತೊಡಗಿದ್ದನ್ನು ಅಮೃತ ಕಂಡಳು. ಅವಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಯಂತ್ರವನ್ನು ಇಲ್ಲಿಗೇ ತಂದರೆ ಎಲ್ಲರೆದುರು ಬಿಚ್ಚಿ ತೋರಿಸುವುದಾಗಿ ಜಕೀವುಲ್ಲಾ ತಗ್ಗಿದ ದನಿಯಲ್ಲಿ ಹೇಳಿದ. ಚಿಕ್ಕಮಾದು ಕೇಳಲೊಲ್ಲ. ಆಗ ಜಕೀವುಲ್ಲಾ ಕಪಾಟಿನಿಂದ ಅದೇ ಪ್ರಾಸೆಸರಿನ ಇನ್ನೊಂದು ಡಬ್ಬ ತೆಗೆದು ಮೇಜಿನ ಮೇಲಿಟ್ಟ.

"ಇದ್ರ ಸೀಲ್ ಒಡ್ದಿಲ್ಲ, ತಗಂಡೋಗ್ಲಾ. ಅದು ಕೆಟ್ಟಿದ್ರೆ ಈ ಡಬ್ಬ ನಿಂದು. ಕೆಟ್ಟಿಲ್ದಿದ್ರೆ ಡಬ್ಬ ವಾಪಸ್ ತತ್ತೀಯ. ಆಡುದ್ ಮಾತ ಎಂಗ್ಲಾ ವಾಪಸ್ ತತ್ತೀಯ?"

ಚಿಕ್ಕಮಾದು ಡಬ್ಬ ತೆಗೆದುಕೊಂಡ. ನಾಚಿಕೆಯಿಲ್ಲದೆ ತೆಗೆದುಕೊಂಡ, ಅದರ ಮೇಲಿನ ಪ್ಲಾಸ್ಟಿಕ್ ಹರಿಯದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ.

ಪ್ರಾಸೆಸರು ಬದಲಿಸಬೇಕಾದರೆ ಕೂಲರು ಬಿಚ್ಚಲೇಬೇಕು. ಮನೆಗೆ ಬಂದವಳೇ ಅಮೃತ ಸ್ಕ್ರೂ ಸಡಿಲಿಸಿ ಅದನ್ನು ಎತ್ತಿ ತಿರುಗಿಸಿ ನೋಡಿದಳು. ತಾಮ್ರದ ತಳದ ಮೇಲೆ, ಕಾದು ಸುಕ್ಕುಗಟ್ಟಿದ, ಪೇಸ್ಟು ಮೆತ್ತಿದ ಒಂದು ತೆಳು ಪ್ಲಾಸ್ಟಿಕ್ ಹಾಳೆ. ಕೂರಿಸುವ ಮುನ್ನ ಕಿತ್ತು ಬಿಸಾಡಬೇಕಾದ ಹಾಳೆ. ಪ್ರಾಸೆಸರಿನ ಬಿಸಿ ತಾಮ್ರಕ್ಕೆ ದಾಟಲು ದಾರಿಯೇ ಇರಲಿಲ್ಲ. ಅವಳು ಅದನ್ನು ಅಪ್ಪನ ಮುಖದೆದುರು ಹಿಡಿದಳು. ಅವನು ಗಾಬರಿಯಾಗಲಿಲ್ಲ.

"ಅದ ನಾನೇ ಬುಟ್ಟಿದ್ದು," ಎಂದ. "ತಾಮ್ರ ಪಳಪಳ ಅಂತಿತ್ತು. ಗೀರು ಬೀಳ್ಬಾರ್ದು ಅಂತ."

ತಿಳಿಯದೆ ಮಾಡಿದ್ದರೆ ಕ್ಷಮಿಸಬಹುದಿತ್ತು. ಕಣ್ಣಾರೆ ಕಂಡು, ಬೇಕೆಂದೇ ಉಳಿಸಿ, ಆಮೇಲೆ ಒಬ್ಬ ನಿರಪರಾಧಿಯನ್ನು ಜನರೆದುರು ಕಳ್ಳನೆಂದು ಕರೆದು ಬಂದ ಈ ಮನುಷ್ಯನನ್ನು ಏನು ಮಾಡಬೇಕೆಂದು ಅಮೃತಳಿಗೆ ತೋಚಲಿಲ್ಲ. ಹಾಳೆ ಕಿತ್ತಳು, ತಾಮ್ರ ಒರೆಸಿದಳು, ಉಳಿದಿದ್ದ ಪೇಸ್ಟು ಹಚ್ಚಿ ಅದೇ ಹಳೆಯ ಪ್ರಾಸೆಸರಿನ ಮೇಲೆ ಕೂಲರು ಕೂರಿಸಿ ಕೆಲಸಕ್ಕೆ ಹಚ್ಚಿದಳು. ಡಿಗ್ರಿ ಅರವತ್ತರ ಆಸುಪಾಸಿನಲ್ಲಿ ನಿಂತಿತು, ಫ್ಯಾನು ಸದ್ದಡಗಿಸಿತು. ಈಗಲೇ ಮಂಡ್ಯಕ್ಕೆ ನಡೆ, ಡಬ್ಬ ವಾಪಸ್ ಕೊಟ್ಟು ತಪ್ಪಾಯಿತೆಂದು ಹೇಳು ಎಂದಳು. ಡಬ್ಬವನ್ನು ಬಸ್ಸಿನವರ ಕೈಯಲ್ಲಿ ಕಳಿಸಿದರಾಯಿತು ಎಂಬುದು ಚಿಕ್ಕಮಾದುವಿನ ತೀರ್ಮಾನ.

"ಅವ್ನೇನ್ ಒಸಬ್ನಾ? ಬುಡು, ಏನೂ ಅನ್ಕಳಲ್ಲ."

"ಒಸಬ್ನಾಗಿದ್ರೆ ಬಾಯಿಗೆ ಕವರ್ ಆಕ್ಕಂಡು ಮಾತಾಡ್ತಿದ್ದೆ ಕಣಪ್ಪ ನೀನು."

ಅಷ್ಟು ಹೇಳಿ ಅವಳು ಅಪ್ಪನ ಹೊಲಿಗೆಯ ದೊಡ್ಡ ಕತ್ತರಿ ಎತ್ತಿಕೊಂಡು ಬೀದಿಗಿಳಿದು, ಸ್ಕೂಟರಿನ ಸೀಟಿಗೆ ಕೊಂಡ ದಿನದಿಂದ ಅಂಟಿಕೊಂಡಿದ್ದ ಪ್ಲಾಸ್ಟಿಕ್ಕನ್ನು ಸರ್ರನೆ ಸೀಳಿ ಚರಂಡಿಗೆ ಎಸೆದಳು. ಮಾಯಮ್ಮ ಬಾಗಿಲಿಗೆ ಬಂದು ನೋಡಿದಳು, ಡಬ್ಬವನ್ನು ತಂದು ಗಂಡನ ಕೈಗಿಟ್ಟಳು. ಅಮೃತ ಗಾಡಿ ಚಾಲೂ ಮಾಡಿ ಕಾದಳು. ಚಿಕ್ಕಮಾದು ಬೆತ್ತಲೆ ಸೀಟಿನ ತುದಿಯಲ್ಲಿ, ಕೂತೂ ಕೂರದ ಹಾಗೆ, ಹಿಂದೆ ಕೂತ.

ಅಂಗಡಿಯಲ್ಲಿ ಆಗಲೂ ಗಿರಾಕಿಗಳಿದ್ದರು. ಚಿಕ್ಕಮಾದು ಡಬ್ಬವನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ, ತಪ್ಪು ನನ್ನದು ಕಣ್ಲಾ ಜಕೀ, ನಿನ್ನ ಮಾಲು ಚೊಕ್ಕವಾಗಿತ್ತು ಎಂದ. ಅಷ್ಟು ಮಟ್ಟಿಗೆ ಅವನನ್ನು ಮೆಚ್ಚಲೇಬೇಕು. ಜಕೀವುಲ್ಲಾ ಡಬ್ಬವನ್ನು ತಿರುಗಿಸಿ ಸೀಲು ನೋಡಿ ಕಪಾಟಿನಲ್ಲಿಟ್ಟ. ಆಮೇಲೆ ತಿರುಗಿ ಸ್ಟೂಲು ತೋರಿಸಿದ.

"ಬನ್ನಿ ಚಿಕ್ಕಮಾದು ಅವ್ರೇ, ಕೂತ್ಕಳಿ. ಇನ್ನೇನಾದ್ರೂ ಬೇಕಿತ್ತಾ?"

ಬೈಗುಳವನ್ನಾದರೂ ಚಿಕ್ಕಮಾದು ತಾಳಿಕೊಳ್ಳುತ್ತಿದ್ದ. ಗಿರಾಕಿಗಳಿಗೆ ಸಲ್ಲುವ ಈ ಬಹುವಚನವನ್ನಲ್ಲ. ಹಿಮ್ಮಡಿ ಎತ್ತಿಕೊಂಡೇ, ಕೂರದೆ ಹೊರಗೆ ಬಂದ. ಅಮೃತಳ ಸಿಟ್ಟು ಇಂದಿಗೂ ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ.

ಇಂಥವರು ನಮ್ಮ ಊರುಗಳಲ್ಲಿ ಬೀದಿಗೊಬ್ಬರಿದ್ದಾರೆ. ಇವರನ್ನು ಜಿಪುಣರೆಂದರೆ ತಪ್ಪು, ಕೊಳ್ಳುವಾಗ ಇವರ ಕೈ ಹಿಂದೆಗೆಯುವುದಿಲ್ಲ; ಕೊಂಡದ್ದಕ್ಕೆ ಬದುಕು ತಾಗುವುದನ್ನು ಮಾತ್ರ ಇವರು ಸಹಿಸರು. ತಾಮ್ರದ ತುಂಡಿಗೆ ಗೀರು ಬಿದ್ದೀತೆಂದು ಜೀವ ಹಿಡಿಯಷ್ಟು ಮಾಡಿಕೊಳ್ಳುವವರು, ಜೊತೆಗೆ ಬದುಕಿ ಸವೆದ ಹೆಂಡತಿ, ಗೆಳೆಯ ಇವರ ಮೇಲೆ ಏನನ್ನು ಎಳೆದರೂ ಗೀರು ಬೀಳದೆಂದು ಲೆಕ್ಕ ಹಾಕಿರುತ್ತಾರೆ. ಇವರ ಮನೆಯಲ್ಲಿ ಹೊಸ ವಸ್ತು ಎಂದೂ ಹಳೆಯದಾಗುವುದಿಲ್ಲ. ಹಳೆಯ ಗೆಳೆಯ ಮಾತ್ರ ಒಂದೇ ದಿನದಲ್ಲಿ ಹೊಸಬನಾಗಿಬಿಡುತ್ತಾನೆ.