ಟೆಲಿಸ್ಕೋಪಿನ ಕಾಲು

ಕಣ್ಣಿನ ಡಾಕ್ಟರು ಹೇಳಿದ್ದನ್ನು ಪುಟ್ಟ ಮತ್ತೆ ಮತ್ತೆ ಹೇಳಿಸಿಕೊಂಡ. ಎಷ್ಟು ಸಲ ಹೇಳಿಸಿಕೊಂಡರೂ ಮಾತು ಬದಲಾಗಲಿಲ್ಲ. ಅಕ್ಕನ ಎಡಗಣ್ಣಿನ ನಡುಭಾಗ ಹೋಗಿಬಿಟ್ಟಿದೆ, ಬಲಗಣ್ಣಿಗೂ ಅದೇ ರೋಗ ಹತ್ತಿದೆ. ಪೂರ್ತಿ ಕತ್ತಲೆಯೇನೂ ಕವಿಯುವುದಿಲ್ಲ, ಆದರೆ ಯಾವುದನ್ನು ನೆಟ್ಟು ನೋಡುತ್ತಾರೋ ಅದೇ ಅಳಿಸಿಹೋಗುತ್ತದೆ. ಯಾವಾಗ ಎಂದರೆ, ತಿಂಗಳುಗಳಿರಬಹುದು, ವರ್ಷವಿರಬಹುದು, ಚುಚ್ಚುಮದ್ದು ಕೊಡುತ್ತಾ ನೋಡೋಣ ಎಂದರು. ಐವತ್ತು ದಾಟಿದ ಗಂಡಸನ್ನು ಪುಟ್ಟ ಎನ್ನುವುದು ಸರಿಯಲ್ಲ, ಗೊತ್ತು. ಆದರೆ ಅಕ್ಕನ ಬಾಯಲ್ಲಿ ಅವನು ಇಂದಿಗೂ ಪುಟ್ಟನೇ. ನಾವು ಬೇರೆ ಹೆಸರಿಡಲು ಯಾರು?

ಇಬ್ಬರದೂ ಒಂದೇ ಫೋಟೋ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ಜನರನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಎತ್ತಿಸಿ, ಭುಜ ಇಳಿಸಿ ಫೋಟೋ ತೆಗೆಯುವವನು ಅವನು. ಹಿಂದಿನ ಕೋಣೆಯಲ್ಲಿ ಆ ಮುಖಗಳನ್ನು ತಿದ್ದುವವಳು ಅಕ್ಕ. ಮೊದಲು ಪೆನ್ಸಿಲು, ಸಣ್ಣ ಕುಂಚ, ಆಮೇಲೆ ಕಂಪ್ಯೂಟರು. ಮೊಡವೆ ಅಳಿಸಿ, ಬೋಳುತಲೆಗೆ ನಾಲ್ಕು ಕೂದಲು ದಾನ ಮಾಡಿ, ದಾರಿಯಲ್ಲಿ ಜಗಳವಾಡಿಕೊಂಡು ಬಂದ ಗಂಡ ಹೆಂಡತಿಯನ್ನು ಒಂದಿಷ್ಟು ಹತ್ತಿರಕ್ಕೆ ಸರಿಸಿ ಕೊಡುತ್ತಿದ್ದಳು. ಆ ಬೀದಿಯ ಅರ್ಧ ಜನ ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತಿದ್ದರೆ ಅದು ಅವಳ ಪುಣ್ಯ.

ಕಣ್ಣಿರುವಾಗಲೇ ಏನು ನೋಡಬೇಕು ಹೇಳು ಎಂದು ಅವನು ಕೇಳಿದ. ಸಮುದ್ರ ಅನ್ನುತ್ತಾಳೆ, ಇಲ್ಲವೇ ದೂರದಲ್ಲಿರುವ ಯಾರಾದರೂ ನೆಂಟರ ಹೆಸರು ಹೇಳುತ್ತಾಳೆ ಎಂದುಕೊಂಡಿದ್ದ. ಅಕ್ಕ ಶನಿಗ್ರಹದ ಉಂಗುರ ಅಂದಳು. ಎಲ್ಲರೂ ಶನಿ ತೊಲಗಲಿ ಅಂತಾರೆ, ನೀವು ಹುಡುಕಿಕೊಂಡು ಹೊರಟಿದ್ದೀರಲ್ಲ ಎಂದು ಪುಟ್ಟನ ಹೆಂಡತಿ ನಕ್ಕಳು. ಚಿತ್ರ ಬೇಕಾದಷ್ಟಿವೆಯಲ್ಲ ಎಂದ ಪುಟ್ಟ.

“ಚಿತ್ರ ನಂಬಲ್ಲ ಕಣೋ,” ಅಂದಳು ಅಕ್ಕ. “ನಮ್ಮಂಥವ್ರು ಯಾರೋ ಕೂತು ತಿದ್ದಿರ್ತಾರೆ.”

ಶನಿ ಸಂಜೆಯ ಆಕಾಶದಲ್ಲಿ ಇನ್ನು ಕೆಲವು ವಾರ ಮಾತ್ರ ಇರುತ್ತದೆ, ಆಮೇಲೆ ಸೂರ್ಯನ ಮರೆಗೆ ಸರಿದುಬಿಡುತ್ತದೆ ಎಂದು ತಿಳಿದ ಮೇಲೆ ಪುಟ್ಟನಿಗೆ ಊಟ ರುಚಿಸಲಿಲ್ಲ. ಮತ್ತೆ ಅದು ಸಂಜೆಗೆ ಬರುವ ಹೊತ್ತಿಗೆ ಅಕ್ಕನ ಕಣ್ಣು ಹೇಗಿರುತ್ತದೋ ಯಾರಿಗೆ ಗೊತ್ತು? ಟೆಲಿಸ್ಕೋಪು ಮಾರುವ ಅಂಗಡಿಗೆ ಹೋದ. ಎಷ್ಟೋ ನೂರು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು ಡಬ್ಬದ ಮೇಲೆ ಕೊಚ್ಚಿಕೊಂಡಿದ್ದ, ಇದ್ದುದರಲ್ಲೇ ಉದ್ದನೆಯ ಕೊಳವೆಯನ್ನು ಎತ್ತಿಕೊಂಡ. ಫೋಟೋಗ್ರಾಫರನ ಬುದ್ಧಿ ನೋಡಿ: ಗಾಜು ಚೆನ್ನಾಗಿದ್ದರೆ ಮಿಕ್ಕಿದ್ದೆಲ್ಲ ತಾನಾಗೇ ಸರಿಹೋಗುತ್ತದೆ. ಇದಕ್ಕೆ ಗಟ್ಟಿ ಸ್ಟ್ಯಾಂಡು ಬೇಕಾಗುತ್ತೆ ಸಾರ್ ಎಂದ ಅಂಗಡಿಯವನಿಗೆ, ಜೀವಮಾನವಿಡೀ ಸ್ಟ್ಯಾಂಡಿನ ಜೊತೆಗೇ ಬಾಳಿದ್ದೇನಪ್ಪ ಎಂದು ಹೇಳಿ ಬಂದ. ಕ್ಯಾಮೆರಾ ಕೇಳುವುದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ನಿಶ್ಚಲತೆ. ಟೆಲಿಸ್ಕೋಪು ಹಾಗಲ್ಲ, ನೋಡುವಷ್ಟು ಹೊತ್ತೂ ಕೇಳುತ್ತದೆ. ಇದು ಅವನ ತಲೆಗೆ ಹೊಳೆಯಲೇ ಇಲ್ಲ.

ಮುಸ್ಸಂಜೆ ತಾರಸಿಯ ಮೇಲೆ, ಸ್ಟುಡಿಯೋದ ಮೂರುಕಾಲಿನ ಸ್ಟ್ಯಾಂಡಿನ ನೆತ್ತಿಗೆ ಕೊಳವೆ ಬಿಗಿದ. ಗಾಳಿ ಬೀಸಿದರೆ ನಡುಗಿತು, ಮುಟ್ಟಿದರೆ ನಡುಗಿತು, ಪಕ್ಕದಲ್ಲಿ ಹೆಜ್ಜೆ ಇಟ್ಟರೂ ನಡುಗಿತು. ಒದ್ದಾಡಿ ಶನಿಯನ್ನು ಹಿಡಿದಾಗ ಕಂಡಿದ್ದು ಅತ್ತಿತ್ತ ಕುಣಿಯುವ ಒಂದು ಹಳದಿ ಬೆಳಕು. ಅಕ್ಕ ಬಗ್ಗಿದಳು. ಅವಳ ಹಣೆ ಕೊಳವೆಗೆ ತಗುಲಿತು.

“ಕಂಡ್ತು ಪುಟ್ಟ,” ಅಂದಳು ಸ್ವಲ್ಪ ಹೊತ್ತಿನ ಮೇಲೆ. “ಉಂಗುರ, ಎಲ್ಲಾ ಕಂಡ್ತು. ತುಂಬ ಚೆನ್ನಾಗಿದೆ.”

ಅವಳು ಎದ್ದ ಮೇಲೆ ಅವನು ಕಣ್ಣಿಟ್ಟ. ಒಳಗೆ ಏನೂ ಇರಲಿಲ್ಲ, ಬರೀ ಕಪ್ಪು. ಹಣೆ ತಗುಲಿದಾಗಲೇ ಶನಿ ಜಾರಿಹೋಗಿತ್ತು. ಅಂದು ಊಟವಾದ ಮೇಲೆ ಹೆಂಡತಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಹೇಳಿದಳು: ಅತ್ತಿಗೆ ಮೆಟ್ಟಿಲಿಳಿಯುವಾಗ ಗೋಡೆ ಹಿಡಿದು ನಿಂತರು, ಈ ಕಣ್ಣೂ ಹೋಯಿತು ಅನಿಸುತ್ತದೆ, ಅವನಿಗೆ ಹೇಳಬೇಡ ಅಂದರು. ಮರುದಿನ ಅಕ್ಕ ಕಂಪ್ಯೂಟರಿಗೆ ಬಟ್ಟೆ ಮುಚ್ಚಿ, ಇನ್ನು ನನ್ನ ಕೈಲಾಗಲ್ಲ, ಬೇರೆ ಯಾರನ್ನಾದರೂ ನೋಡಿಕೋ ಎಂದಳು. ಗಿರಾಕಿಗಳು ಬಂದರು, ಹೋದರು. ಯಾರ ಗದ್ದ ಎತ್ತಿಸಿದ, ಯಾರ ಭುಜ ಇಳಿಸಿದ, ಪುಟ್ಟನಿಗೆ ಒಂದೂ ನೆನಪಿಲ್ಲ. ಅಲ್ಲಾಡಿದ್ದು ಸ್ಟ್ಯಾಂಡೋ, ಹೋಗಿದ್ದು ಕಣ್ಣೋ? ಇದೊಂದೇ ಹುಳ ತಲೆಯೊಳಗೆ ಕೊರೆಯುತ್ತಿತ್ತು.

ಆಕಾಶ ನೋಡುವವರ ಸಂಘ ನಡೆಸುತ್ತಿದ್ದ ಭೂಗೋಳದ ಮೇಡಂ ಒಬ್ಬರನ್ನು ಕರೆತಂದ. ಆಕೆ ಟೆಲಿಸ್ಕೋಪಿನ ಒಳಗೆ ಇಣುಕಲೂ ಇಲ್ಲ. ಬೆರಳಿನಿಂದ ಕೊಳವೆಯನ್ನೊಮ್ಮೆ ತಟ್ಟಿ, ನಡುಕ ನಿಲ್ಲುವವರೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಬಹಳ ಹೊತ್ತು ನಿಂತರು. ಹೊಸಬರೆಲ್ಲ ತಲೆಗೆ ಖರ್ಚು ಮಾಡಿ ಕಾಲಿಗೆ ಕೈ ಬಿಗಿಹಿಡಿಯುತ್ತಾರೆ ಎಂದು ಗೊಣಗಿದರು. ಹಾಗಾದರೆ ಮೋಟಾರು, ತೂಕದ ಗುಂಡು ಎಲ್ಲ ಇರುವ ಸ್ಟ್ಯಾಂಡೇ ತರುತ್ತೇನೆ, ಅದು ತಾನಾಗಿ ಗ್ರಹದ ಹಿಂದೆ ತಿರುಗುತ್ತದಂತೆ ಎಂದ ಪುಟ್ಟ.

“ಅದನ್ನ ಧ್ರುವ ನಕ್ಷತ್ರದ ದಿಕ್ಕಿಗೆ ಸರಿಯಾಗಿ ಕೂರಿಸೋದು ಕಲಿಯೋಕೇ ನಿಮಗೆ ತಿಂಗಳುಗಟ್ಟಲೆ ಬೇಕು,” ಅಂದರು ಮೇಡಂ. “ಅಷ್ಟು ಟೈಮಿದ್ಯಾ?”

ಆಕೆ ಅವನ ಮುಖ ನೋಡಿ ದನಿ ಇಳಿಸಿದರು. ಹಲಗೆಯ ಪೆಟ್ಟಿಗೆಯಲ್ಲಿ ಕೂರುವಂಥ ಟೆಲಿಸ್ಕೋಪು ತನ್ನಿ, ಒಳಗೆ ಕನ್ನಡಿ ಇರುತ್ತದೆ, ಮೋಟಾರು ಗೀಟಾರು ಏನೂ ಇಲ್ಲ, ನೆಲದ ಮೇಲೆ ಭದ್ರವಾಗಿ ನಿಂತು ಕೈಯಿಂದ ನೂಕಿದತ್ತ ತಿರುಗುತ್ತದೆ ಎಂದರು. ಭೂಮಿ ತಿರುಗುವುದರಿಂದ ಗ್ರಹ ಆಗಾಗ ಅಂಚಿಗೆ ಸರಿದು ಮಾಯವಾಗುತ್ತದೆ, ನೋಡುವವರೇ ಮೆಲ್ಲಗೆ ನೂಕಿ ಹಿಂಬಾಲಿಸಬೇಕು. ಕುರ್ಚಿಯಲ್ಲಿ ಕೂತೇ ನೋಡಬಹುದು ಎಂದೂ ಹೇಳಿದರು. ಅಂಗಡಿಯವನು ಮುಖ ಹುಳ್ಳಗೆ ಮಾಡಿಕೊಂಡು ಹಳೆಯದನ್ನು ವಾಪಸು ತೆಗೆದುಕೊಂಡು ಪೆಟ್ಟಿಗೆಯದನ್ನು ಕೊಟ್ಟ.

ಆಮೇಲೆ ಮೋಡ. ಸಂಜೆಯಾದರೆ ಸಾಕು, ಯಾರೋ ಹೇಳಿ ಕಳಿಸಿದಂತೆ ಬಂದು ಕೂರುತ್ತಿದ್ದವು. ಪುಟ್ಟ ಗಿರಾಕಿಯನ್ನು ಸ್ಟೂಲಿನ ಮೇಲೆ ಬಿಟ್ಟು ಬೀದಿಗೆ ಬಂದು ಕತ್ತೆತ್ತುತ್ತಿದ್ದ. ಮೋಡ ಹರಿದ ದಿನ ಶನಿ ಪಶ್ಚಿಮಕ್ಕೆ ಸಾಕಷ್ಟು ಇಳಿದಿತ್ತು. ಅವನೇ ಮೊದಲು ನೋಡಿದ. ಅಲುಗಾಟವಿಲ್ಲ, ಕುಣಿತವಿಲ್ಲ. ಸಣ್ಣ ಗುಂಡು, ಸುತ್ತ ಉಂಗುರ, ನಡುವೆ ಕತ್ತಲಿನ ಸಂದು. ಸಂತೋಷಪಡಬೇಕಾದವನು ಕಣ್ಣು ತೆಗೆದು ಹಿಂದೆ ಸರಿದ. ಇಷ್ಟು ಸ್ಪಷ್ಟವಾಗಿರುವುದು ಅವಳಿಗೆ ಕಾಣದಿದ್ದರೆ ಇನ್ನು ಯಾವ ಕಾಲಿನ ಮೇಲೆ ತಪ್ಪು ಹೊರಿಸುವುದು? ಕರೆಯದೆ ಇದ್ದುಬಿಡೋಣ ಎಂದೂ ಅನಿಸಿತು. ಆದರೂ ಕೆಳಗಿಳಿದು ಹೋದ. ನಾನು ಆಗಲೇ ನೋಡಿಯಾಯಿತಲ್ಲ ಎಂದು ಅಕ್ಕ ಕೂತಲ್ಲಿಂದ ಏಳಲಿಲ್ಲ.

“ನೀನು ನೋಡ್ಲಿಲ್ಲ ಅಕ್ಕ. ಅವತ್ತು ಅದರೊಳಗೆ ಏನೂ ಇರ್ಲಿಲ್ಲ. ನಾನು ಆಮೇಲೆ ನೋಡ್ದೆ.”

ಅಕ್ಕ ಬಹಳ ಹೊತ್ತು ಸೆರಗಿನ ಅಂಚನ್ನು ಮಡಿಸಿದಳು, ಬಿಡಿಸಿದಳು.

“ಇವತ್ತೂ ಕಾಣದೇ ಹೋದ್ರೆ?”

“ಕಾಣ್ಲಿಲ್ಲ ಅನ್ನು. ನನಗೋಸ್ಕರ ತಿದ್ದಬೇಡ.”

ಕುರ್ಚಿಯಲ್ಲಿ ಕೂತು ಅಕ್ಕ ಬಲಗಣ್ಣನ್ನು ಇಟ್ಟಳು. ಏನೂ ಹೇಳಲಿಲ್ಲ. ಬೀದಿಯಲ್ಲಿ ಯಾರೋ ಶಟರ್ ಎಳೆದರು, ಒಂದು ಸ್ಕೂಟರು ಹೋಯಿತು. ಇಷ್ಟು ಹೊತ್ತಿಗೆ ಶನಿ ಅಂಚು ದಾಟಿರಬೇಕು, ಅವಳು ಬರಿಗತ್ತಲನ್ನು ನೋಡುತ್ತಾ ಕೂತಿದ್ದಾಳೆ, ಏಳುವುದು ಹೇಗೆಂದು ತಿಳಿಯದೆ ಕೂತಿದ್ದಾಳೆ ಎಂದು ಪುಟ್ಟನಿಗೆ ಖಾತ್ರಿಯಾಯಿತು. ಏನು ಹೇಳಿ ಸಮಾಧಾನ ಮಾಡಲಿ ಎಂದು ಮಾತು ಹುಡುಕತೊಡಗಿದ.

ಆಗ ಅವಳ ಕೈ ಮೇಲೆದ್ದು ಕೊಳವೆಯನ್ನು ಮೆಲ್ಲಗೆ ನೂಕಿತು. ತಪ್ಪು ದಿಕ್ಕಿಗೆ ನೂಕಿರಬೇಕು, “ಥೂ” ಎಂದು ಗೊಣಗಿ ಇನ್ನೊಂದು ಬದಿಗೆ ನೂಕಿ ನಿಲ್ಲಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನೂಕಿದಳು, ಈ ಸಲ ಸರಿಯಾಗಿ. ಕಾಣದ್ದನ್ನು ಯಾರೂ ಹೀಗೆ ಹಿಂಬಾಲಿಸುವುದಿಲ್ಲ. ಪುಟ್ಟ ತಾರಸಿಯ ನೆಲದ ಮೇಲೆ ಕುಸಿದು ಕೂತ. ಅಳು ಬಂತು, ಅತ್ತ. ಆಮೇಲೆ ಮೂಗು ಒರೆಸಿಕೊಂಡು, ನನಗೂ ಒಂದು ಚೂರು ಬಿಡು ಎಂದು ಕೇಳಿದ.

ಅಕ್ಕ ಕಣ್ಣು ಕದಲಿಸಲಿಲ್ಲ.

“ಇರೋ ಪುಟ್ಟ. ನಿನ್ನ ಕಣ್ಣು ಎಲ್ಲೂ ಹೋಗಲ್ಲ. ನೀನು ನಾಳೆ ನೋಡು.”