ಹೂಂ ಅಂದರಷ್ಟೇ ತೆರೆಯುವ ಬಾಗಿಲು

೧. ಎಲ್ಲಿಂದ ಶುರು ಮಾಡಲಿ? ‘ಒಂದಾನೊಂದು ಕಾಲದಲ್ಲಿ’ ಎಂದರೆ ಸುಳ್ಳಾಗುತ್ತದೆ. ನಮ್ಮ ಟೀಮ್ ಲೀಡ್ ಲಿಫ್ಟಿನೊಳಗೆ ಸಿಕ್ಕಿಕೊಂಡಿರುವುದು ಈಗ. ಕಾರಣ ನಾನು. (ಕಥೆ ಹೇಳಬೇಕಿದ್ದವಳು ಕೋಡ್ ಬರೆದರೆ ಹೀಗೇ. ಕೋಡ್ ಬರೆಯುವವಳು ಕಥೆ ಹೇಳಿದರೆ ಹೇಗಿರುತ್ತದೆಂದು ನೀವೇ ನೋಡುತ್ತಿದ್ದೀರಿ.)

೨. ಮೊದಲ ಡ್ರಾಫ್ಟಿನಲ್ಲಿ ಒಬ್ಬ ರಾಜಕುಮಾರಿ ಇದ್ದಳು. ಹೊಡೆದುಹಾಕಿದೆ. ವಿಷಯ ಇಷ್ಟೇ: ನಮ್ಮ ಆಫೀಸು ಮಾತಾಡುವ ವಸ್ತುಗಳಿಗೆ ಕೋಡ್ ಬರೆಯುತ್ತದೆ. ‘ಮಾತುಗಾತಿ’ ಎಂಬ ತಾಯಿ ಕ್ಲಾಸ್, ಅಂದರೆ ಕೋಡಿನ ಮೂಲ ಅಚ್ಚು, ನಾನು ಬರೆದದ್ದು. ಕಥೆ ಹೇಳುವ ಗೊಂಬೆ, ಲಿಫ್ಟ್, ಎರಡೂ ಅವಳ ಮಕ್ಕಳು. ತಾಯಿಗೆ ಬರೆದ ಗುಣ ಮಕ್ಕಳಿಗೆ ತಾನಾಗಿ ಇಳಿದು ಬರುತ್ತದೆ, ಅದೇ ಇನ್‌ಹೆರಿಟೆನ್ಸ್.

ಚಿಕ್ಕವಳಿದ್ದಾಗ ನಾನು ಹೂಂ ಅನ್ನದಿದ್ದರೆ ಅಜ್ಜಿಯ ಕಥೆ ಮುಂದಕ್ಕೆ ಹೋಗುತ್ತಿರಲಿಲ್ಲ. ಹೂಂ ನಿಂತಿತೆಂದರೆ ಮಗು ಮಲಗಿತು. ಗೊಂಬೆಗೂ ಈ ಗುಣವಿರಲಿ ಎಂದುಕೊಂಡೆ. ಕನಸು ಕಾಣುತ್ತಾ ‘ಹೂಂ ಬರುವವರೆಗೆ ಕಾಯಿ’ ಎಂಬ ಸಾಲನ್ನು ಗೊಂಬೆಯಲ್ಲಿ ಬರೆಯದೆ ತಾಯಿಯಲ್ಲೇ ಬರೆದುಬಿಟ್ಟೆ.

೩. ‘ನಾಲ್ಕನೇ ಮಹಡಿ’ ಎಂದ ಲಿಫ್ಟ್ ಈಗ ಹೂಂಗಾಗಿ ಕಾಯುತ್ತಿದೆ. (ಅದರ ಕಿವಿ ಒಳಗಿದೆ. ನಾನು ಹೊರಗೆ ನಿಂತು ಎಷ್ಟು ಹೂಂಗುಟ್ಟಿದರೂ ದಂಡ.)

“ಸರ್, ಒಂದ್ಸಲ ಹೂಂ ಅಂದ್ಬಿಡಿ, ತೆರ್ಕೊಳ್ಳತ್ತೆ.”

“ಯಂತ್ರದ ಮುಂದೆ ಹಾಗೆಲ್ಲ ತಲೆ ಆಡ್ಸೋನಲ್ಲಮ್ಮ ನಾನು. ತಾಯಿಯಿಂದ್ಲೇ ಆ ಸಾಲು ಕಿತ್ತಾಕು. ಇಲ್ದಿದ್ರೆ ನಾಳೆಯಿಂದ ಬರ್ಬೇಡ.”

ಅಜ್ಜಿಗೆ ಫೋನ್ ಮಾಡಿದೆ. “ಹೂಂ ಅಂದ್ರೆ ಅವರಪ್ಪನ ಮನೆ ಗಂಟು ಹೋಗತ್ತೇನೆ?” ಎಂದಳು.

೪. ಮುಕ್ತಾಯ ಒಂದು: ಕಿತ್ತುಹಾಕುತ್ತೇನೆ. ಬಾಗಿಲು ತೆರೆಯುತ್ತದೆ, ಕೆಲಸ ಉಳಿಯುತ್ತದೆ, ಗೊಂಬೆ ಮಲಗಿದ ಮಕ್ಕಳ ಕಿವಿಯಲ್ಲಿ ಬೆಳಗಿನವರೆಗೂ ಕೊರೆಯುತ್ತದೆ.

ಮುಕ್ತಾಯ ಎರಡು: ಲಿಫ್ಟಿನ ಕ್ಲಾಸಿನಲ್ಲಿ ಮಾತ್ರ ‘ನೀನು ಕಾಯಬೇಡ’ ಎಂದು ಓವರ್‌ರೈಡ್ ಮಾಡುತ್ತೇನೆ. ಮಗಳೊಬ್ಬಳು ಮಾತು ಮೀರಿದಳೆಂದು ತಾಯಿ ಕೆಡುವುದಿಲ್ಲ. (ಸರಿಯಾದದ್ದು ಇದೇ. ಅದಕ್ಕೇ ಕಥೆಗೆ ಸಪ್ಪೆ.)

“ನನ್ನ ಇಲ್ಲಿ ಬಿಟ್ಟು ನೀನು ಮುಕ್ತಾಯ ಹುಡುಕ್ತಿದೀಯಾ?” ಎಂದಿತು ಪಾತ್ರ, ಅಂದರೆ ಲೀಡ್.

“ಲಿಫ್ಟಲ್ಲಿ ಸರಿ ಮಾಡ್ತೀನಿ ಸರ್. ತಾಯಿನ ಮುಟ್ಟಲ್ಲ. ಬೇಕಾದ್ರೆ ನಾಳೆಯಿಂದ ಬರಲ್ಲ. ಟೈಪ್ ಮಾಡೋವರ್ಗೂ ಹೊತ್ತು ಹೋಗ್ಲಿ, ಕಥೆ ಹೇಳ್ಲಾ?”

ಅವರು ಹೂಂ ಅನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

೫. ಹೊಡೆದುಹಾಕಿದ ರಾಜಕುಮಾರಿಯನ್ನು ಕ್ಷಮೆ ಕೇಳಿ ವಾಪಸ್ ಕರೆದೆ. ತೊಡೆಯ ಮೇಲೆ ಲ್ಯಾಪ್‌ಟಾಪ್, ಬಾಯಿ ಲಿಫ್ಟಿನ ಬಾಗಿಲ ಸಂದಿಗೆ. ರಾಜಕುಮಾರಿ ಕೋಟೆಯ ಕೊನೆಯ ಕೋಣೆಗೆ ಬಂದಳು, ಚಿಲಕಕ್ಕೆ ಕೈಹಾಕಿದಳು. ನಿಲ್ಲಿಸಿದೆ.

“ಆಮೇಲೆ?” ಎಂದರು ಒಳಗಿನಿಂದ.

‘ಆಮೇಲೆ’ ಲಿಫ್ಟಿಗೆ ಅರ್ಥವಾಗುವುದಿಲ್ಲ. ನಾನೂ ಕೇಳಿಸದವಳಂತೆ ಕೂತೆ. ಒಳಗೆ ಗಂಟಲು ಸರಿಮಾಡಿಕೊಂಡ ಸದ್ದು. ಲಿಫ್ಟಿನ ಹೊಸ ಸಾಲು ಸಿದ್ಧವಿದೆ, ನನ್ನ ಬೆರಳು ಎಂಟರ್ ಕೀ ಮೇಲಿದೆ.

ಅವರು ಅಂದರೋ, ನಾನು ಒತ್ತಿದೆನೋ? ಹೇಳುತ್ತೇನೆ. ಆದರೆ ಓದುತ್ತಿರುವ ನೀವೂ ಆಗಿನಿಂದ ತುಟಿ ಬಿಚ್ಚಿಲ್ಲ. ಎಚ್ಚರವಿದ್ದೀರೋ ಮಲಗಿದಿರೋ, ನನಗೆ ತಿಳಿಯುವುದು ಹೇಗೆ? ನಾನೂ ಆ ಅಜ್ಜಿಯ ಮೊಮ್ಮಗಳೇ.

ಕಾಯುತ್ತೇನೆ.